ಗೋವಾದ ನದಿ ದ್ವೀಪ ಸುತ್ತೋದು ಹೇಗೆ? ಚೋಡಣ, ದಿವಾಡಿಗೆ ಒಂದು ದಿನ

"ನಾಳಿದ್ದ ಗೋವಾಕ್ಕ ಬರಾಕತ್ತೀವಿ. ಬೀಚ್ ಬಿಟ್ಟು ಬ್ಯಾರೆ ಏನರ ತೋರಸವಾ."

ವಾಸ್ಕೋದಲ್ಲಿ ಮನೆ ಮಾಡಿಕೊಂಡಿರುವ ಧಾರವಾಡ ಕಡೆಯ ನಮ್ಮಂಥವರಿಗೆ ಇಂಥ ಫೋನು ಹೊಸದಲ್ಲ. ಮೊದಲೆಲ್ಲ ನಾನೂ ಬಂದವರನ್ನು ಕಲಂಗೂಟ ಬೀಚಿಗೆ ಕರೆದುಕೊಂಡು ಹೋಗಿ, ಬಿಸಿಲಲ್ಲಿ ಸುತ್ತಿಸಿ, ಸುಸ್ತಾಗಿ ವಾಪಸ್ ಬರುತ್ತಿದ್ದೆ. ಈಗ ಹಾಗೆ ಮಾಡೋದಿಲ್ಲ. ಮಾಂಡವಿ ನದಿಯೊಳಗೆ ಚೋಡಣ, ದಿವಾಡಿ ಅಂತ ಎರಡು ದ್ವೀಪ ಇವೆ. ಅಲ್ಲಿಗೆ ಕರೆದೊಯ್ಯುತ್ತೇನೆ. ಮ್ಯಾಪಿನಲ್ಲಿ ಹುಡುಕುವಾಗ ಚೊರಾವ್, ದಿವಾರ್ ಅಂತ ಹಾಕಿ. ಸ್ಥಳೀಯರ ಬಾಯಲ್ಲಿ ಚೋಡಣ, ದಿವಾಡಿ.

ದ್ವೀಪ ಅಂದ ಕೂಡಲೇ ಬಿಳಿ ಮರಳು, ನೀಲಿ ನೀರು ಅಂದುಕೊಳ್ಳಬೇಡಿ. ಇಲ್ಲಿ ಇರೋದು ಕಂದು ನೀರು, ರಾಡಿ, ಆ ರಾಡಿಯಲ್ಲೇ ಬೆಳೆಯುವ ಕಾಂಡ್ಲಾ ಗಿಡ (ಮ್ಯಾಂಗ್ರೋವ್), ಗದ್ದೆ, ಹಕ್ಕಿ, ಹಳೇ ಮನೆ. ಸಮುದ್ರದೊಳಗಿನ ದ್ವೀಪವೇ ಬೇಕು ಅನ್ನುವವರಿಗೆ ವಾಸ್ಕೋ ಆಚೆ ಗ್ರಾಂಡೆ ದ್ವೀಪ ಇದೆ. ಮಳೆಗಾಲ ಬಿಟ್ಟು ಉಳಿದ ತಿಂಗಳಲ್ಲಿ ದೋಣಿಯವರು ಕರೆದೊಯ್ದು, ಮುಖಕ್ಕೆ ಕನ್ನಡಕ ಕಟ್ಟಿ, ನೀರಿನ ಕೆಳಗಿನ ಮೀನು ತೋರಿಸುತ್ತಾರೆ. ಹುಡುಗರಿಗೆ ಅದು ಇಷ್ಟ. ನನಗೆ ದೋಣಿ ಅಲುಗಾಟಕ್ಕೆ ವಾಂತಿ ಬರುತ್ತದೆ, ಹಾಗಾಗಿ ಅದರ ಬಗ್ಗೆ ಇಷ್ಟೇ.

ಮೊದಲು ತಿಥಿ ನೋಡಿ, ಆಮೇಲೆ ರಜೆ ಹಾಕಿ

ಮಿಕ್ಕ ಪ್ರವಾಸಕ್ಕೆ ವಾರ ನೋಡುತ್ತೇವೆ. ಇದಕ್ಕೆ ತಿಥಿ ನೋಡಬೇಕು. ತಮಾಷೆ ಅಲ್ಲ.

ಮಾಂಡವಿ ಸಮುದ್ರಕ್ಕೆ ಹತ್ತಿರ ಇರುವುದರಿಂದ ಸಮುದ್ರ ಏರಿದಾಗ ಈ ನದಿಯೂ ಏರುತ್ತದೆ, ಇಳಿದಾಗ ಇಳಿಯುತ್ತದೆ. ಕಾರವಾರ, ಕುಮಟಾ ಕಡೆಯವರಿಗೆ ಈ ಭರತ-ಇಳಿತ ಹೇಳಿಕೊಡುವುದು ಬೇಡ. ಬಯಲುಸೀಮೆಯ ನಮಗೆ ಬೇಕು. ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಇವತ್ತು ಏರಿದ ಹೊತ್ತಿಗಿಂತ ನಾಳೆ ಸುಮಾರು 50 ನಿಮಿಷ ತಡವಾಗಿ ಏರುತ್ತದೆ. ಹುಣ್ಣಿಮೆ, ಅಮಾವಾಸ್ಯೆ ಹತ್ತಿರ ಏರಿಳಿತ ಜಾಸ್ತಿ, ಅಷ್ಟಮಿ ಹತ್ತಿರ ಕಡಿಮೆ.

ಈ ಲೆಕ್ಕದಿಂದ ನಮಗೆ ಬೇಕಾದ್ದು ಇಷ್ಟು. ಹುಣ್ಣಿಮೆ ಅಥವಾ ಅಮಾವಾಸ್ಯೆಯ ದಿನ ಈ ಕಡೆ ಸುಮಾರು ಮಧ್ಯಾಹ್ನ 12ರ ಒಳಗೆ ಭರತ ತುಂಬುತ್ತದೆ. ಅಂದರೆ ಬೆಳಗ್ಗೆ 6ರ ಆಸುಪಾಸು ಪೂರ್ತಿ ಇಳಿತ. ಅದಾದ ಒಂದೆರಡು ದಿನ ಇನ್ನೂ ಅನುಕೂಲ. ಬೆಳಗ್ಗೆ 7ಕ್ಕೆ ರಾಡಿ ತೆರೆದು ಬಿದ್ದಿರುತ್ತದೆ, ಹಕ್ಕಿ ಮೇಯಲು ಇಳಿದಿರುತ್ತವೆ, ನೀವು ನಡೆದು ನೋಡಬಹುದು. 10ರ ಹೊತ್ತಿಗೆ ನೀರು ಏರುತ್ತಿರುತ್ತದೆ, ಆಗ ದೋಣಿ ಹತ್ತಬಹುದು. ಅಷ್ಟಮಿ ಹತ್ತಿರ ಇದು ಉಲ್ಟಾ. ಬೆಳಗಿನ ಜಾವ ಭರತ, ನೀವು ಎದ್ದು ತಿಂಡಿ ತಿಂದು ಬರುವಷ್ಟರಲ್ಲಿ ನೀರು ಇಳಿಯುತ್ತಿರುತ್ತದೆ. ಇದೆಲ್ಲ ಅಂದಾಜು. ಹೊರಡುವ ಹಿಂದಿನ ದಿನ ಫೋನಿನಲ್ಲಿ ಮುರಗಾಂವ ಬಂದರಿನ ಭರತದ ಸಮಯ ನೋಡಿ. ನದಿಯ ಒಳಗೆ ಅದಕ್ಕಿಂತ ಸ್ವಲ್ಪ ತಡ.

ಇದನ್ನು ನಾನು ಕಲಿತದ್ದು ಒಂದು ಏಕಾದಶಿಯಂದು. ಚಿಕ್ಕಪ್ಪ, ಚಿಕ್ಕಮ್ಮ ಬಂದಿದ್ದರು. ಬೆಳಗ್ಗೆ 10 ದಾಟಿದ ಮೇಲೆ ಒಬ್ಬ ದೋಣಿಯವನನ್ನು ಹಿಡಿದು ಕಾಂಡ್ಲಾ ನಡುವಿನ ಸಣ್ಣ ಹಳ್ಳಕ್ಕೆ ಹೋದೆವು. ಅವನೂ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಒಳಗೆ ಹೋಗುವಾಗ ನೀರು ದೋಣಿಯ ಕೆಳಗೆ ಕಪ್ಪಗೆ ತುಂಬಿತ್ತು. ಮುಕ್ಕಾಲು ತಾಸು ಬಿಟ್ಟು ತಿರುಗಿ ಬರುವಾಗ ಎರಡೂ ದಂಡೆಯಲ್ಲಿ ಬೇರು ಮೇಲೆದ್ದಿದ್ದವು. ಇನ್ನೂ ಸ್ವಲ್ಪ ಮುಂದೆ ಬಂದಾಗ ದೋಣಿಯ ತಳ ಸರ್ರ್ ಅಂದು ಕೂತೇ ಬಿಟ್ಟಿತು. ದೋಣಿಯವನು ಇಳಿದ. ಮೊಣಕಾಲವರೆಗೆ ರಾಡಿ. ಚಿಕ್ಕಪ್ಪನೂ "ತಡಿ, ನಾ ಕೈ ಹಚ್ಚತೀನಿ" ಅಂತ ಇಳಿದರು. ಅವರ ಒಂದು ಚಪ್ಪಲಿ ಆ ರಾಡಿಯಲ್ಲೇ ಇದೆ. ಚಿಕ್ಕಮ್ಮ ಒಪ್ಪತ್ತು ಹಿಡಿದಿದ್ದರು. ಮಡಿಲಲ್ಲಿ ಬಾಳೆಹಣ್ಣಿನ ಚೀಲ ಇಟ್ಟುಕೊಂಡು, "ಸಮುದ್ರ ತೋರಸ್ತಾಳ ಅಂತ ಬಂದ್ರ ರಾಡ್ಯಾಗ ಕುಂದರಸ್ಯಾಳ" ಅಂತ ನನ್ನ ಕಡೆ ನೋಡದೆ ಹೇಳಿದರು. ಇನ್ನೊಂದು ದೋಣಿ ಬಂದು ಹಗ್ಗ ಹಾಕಿ ಎಳೆಯುವ ತನಕ ಅಲ್ಲೇ.

ಅದಕ್ಕೇ ಹೇಳೋದು. ದೋಣಿಯವರನ್ನು ಕೇಳಬೇಕಾದ ಮೊದಲ ಪ್ರಶ್ನೆ ಎಷ್ಟು ದುಡ್ಡು ಅಂತ ಅಲ್ಲ. ನೀರು ಏರುತ್ತಾ ಇದೆಯೋ, ಇಳಿಯುತ್ತಾ ಇದೆಯೋ ಅಂತ.

ತಿಂಗಳು ಯಾವುದು ಅಂದರೆ, ಹಕ್ಕಿ ನೋಡಲು ನವೆಂಬರಿಂದ ಫೆಬ್ರವರಿ. ದೂರದ ಚಳಿ ದೇಶದ ಹಕ್ಕಿಗಳು ಆಗ ಇಲ್ಲಿರುತ್ತವೆ. ಹಸಿರು ನೋಡಬೇಕು ಅಂದರೆ ಆಗಸ್ಟ್, ಸೆಪ್ಟೆಂಬರ್. ಜೂನ್, ಜುಲೈ ಮಳೆಯಲ್ಲಿ ಛತ್ರಿ ಹಿಡಿದು ಫೆರಿಯಲ್ಲಿ ನಿಲ್ಲೋದೇ ಒಂದು ಮಜಾ, ಆದರೆ ಸಣ್ಣ ದೋಣಿ ಬೇಡ. ಏಪ್ರಿಲ್, ಮೇ ನನ್ನನ್ನು ಕೇಳಬೇಡಿ. ಬೆವರು ಒರೆಸಿಕೊಳ್ಳುವುದರಲ್ಲೇ ದಿನ ಹೋಗುತ್ತದೆ.

ಬರೋದು, ಗಾಡಿ ಹಿಡಿಯೋದು

ಹುಬ್ಬಳ್ಳಿ, ಧಾರವಾಡ ಕಡೆಯಿಂದ ಫೋಂಡಾ ಮೇಲೆ ಪಣಜಿಗೆ ಬರುವ ಬಸ್ಸು ಹತ್ತಿದ್ದರೆ ಪಣಜಿ ತನಕ ಹೋಗುವ ಅಗತ್ಯವೇ ಇಲ್ಲ. ದಾರಿಯಲ್ಲಿ ಹಳೇ ಗೋವಾ ಬರುತ್ತದೆ, ಅಲ್ಲೇ ಇಳಿಯಿರಿ. ಕೊಂಕಣ ರೈಲಿನಲ್ಲಿ ಬರುವವರಿಗೆ ಕರ್ಮಳಿ ಸ್ಟೇಷನ್ ಹಳೇ ಗೋವಾಕ್ಕೆ ಹತ್ತಿರ. ಪಣಜಿಯಲ್ಲೇ ಉಳಿದವರು ಕದಂಬ ಬಸ್ ಸ್ಟ್ಯಾಂಡಿನಿಂದ ಹಳೇ ಗೋವಾ, ಫೋಂಡಾ ಕಡೆಯ ಯಾವ ಬಸ್ಸು ಹತ್ತಿದರೂ ಆಯಿತು. ಸುಮಾರು 10 ಕಿ.ಮೀ. ಮೊದಲು ರಾಯಬಂದರ ಬರುತ್ತದೆ, ಆಮೇಲೆ ಹಳೇ ಗೋವಾ. ಆ ರಾಯಬಂದರದ ರಸ್ತೆಯೇ ನೋಡುವಂಥದ್ದು. ಒಂದು ಕಡೆ ನದಿ, ಇನ್ನೊಂದು ಕಡೆ ಉಪ್ಪಿನ ಆಗರದ ಬಯಲು, ನಡುವೆ 1630ರ ದಶಕದಲ್ಲಿ ಪೋರ್ಚುಗೀಸರು ಕಟ್ಟಿದ ಉದ್ದನೆಯ ಏರಿ. ಇವತ್ತಿಗೂ ಬಸ್ಸು ಅದರ ಮೇಲೇ ಓಡುತ್ತದೆ.

ದ್ವೀಪದಲ್ಲಿ ಸುತ್ತಲು ಸ್ಕೂಟರ್ ಸಾಕು. ಬಾಡಿಗೆಗೆ ತಗೊಳ್ಳುವಾಗ ನಂಬರ್ ಪ್ಲೇಟ್ ನೋಡಿ. ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇದ್ದರೆ ಬಾಡಿಗೆಗೆ ಪರವಾನಗಿ ಇರುವ ಗಾಡಿ. ಬಿಳಿ ಪ್ಲೇಟಿನದನ್ನು ಸ್ವಲ್ಪ ಕಡಿಮೆಗೆ ಕೊಡುತ್ತೇವೆ ಅನ್ನುವವರು ಸಿಗುತ್ತಾರೆ. ಪೊಲೀಸರು ಹಿಡಿದಾಗ ಅವರು ಸಿಗೋದಿಲ್ಲ. ಹೆಲ್ಮೆಟ್ಟು ಹಾಕಿ, ಲೈಸೆನ್ಸು ಜೇಬಲ್ಲಿರಲಿ.

ಸೈಕಲ್ ಇನ್ನೂ ಚೆನ್ನ, ಅದರಲ್ಲೂ ದಿವಾಡಿಯಲ್ಲಿ. ಗದ್ದೆ ನಡುವಿನ ರಸ್ತೆ ಸಮ ಇದೆ. ಊರು ಇರುವ ಗುಡ್ಡಕ್ಕೆ ಮಾತ್ರ ಏರು. ಅದಕ್ಕೆ ಬ್ಯಾಟರಿ ಸೈಕಲ್ಲಿನಲ್ಲಿ ಗುಂಪಾಗಿ ಸುತ್ತಿಸುವವರೂ ಇದ್ದಾರೆ. ಮೊಣಕಾಲು ನೋವಿನವರಿಗೆ ಅದು ವಾಸಿ.

ಫೆರಿ ಹತ್ತುವ ರೀತಿ

ಜನ, ಗಾಡಿ ಎರಡನ್ನೂ ಹೊತ್ತು ನದಿ ದಾಟಿಸುವ ದೊಡ್ಡ ದೋಣಿಗೆ ನಮ್ಮ ಕರಾವಳಿಯವರು ಜಂಗಲ್ ಅನ್ನುತ್ತಾರಲ್ಲ, ಅದೇ ಇದು. ಇಲ್ಲಿ ಎಲ್ಲರೂ ಫೆರಿ ಅಂತಾರೆ. ಮುಂದೆ ಕಬ್ಬಿಣದ ದೊಡ್ಡ ಹಲಗೆ. ದಡಕ್ಕೆ ಬಂದಾಗ ಅದನ್ನು ಧಡ್ ಅಂತ ಇಳಿಸುತ್ತಾರೆ. ಮೊದಲು ಗಾಡಿಗಳು ಹೊರಗೆ ಬರುತ್ತವೆ, ಅವು ಪೂರ್ತಿ ಇಳಿಯುವ ತನಕ ಪಕ್ಕಕ್ಕೆ ನಿಲ್ಲಿ. ಮಳೆಗಾಲದಲ್ಲಿ ಆ ಹಲಗೆ ಪಾಚಿ ಕಟ್ಟಿದಂತೆ ಜಾರುತ್ತದೆ. ಸ್ಕೂಟರಿನ ಹಿಂದೆ ಕೂತವರು ಇಳಿದು ನಡೆದು ಹತ್ತಲಿ. ಹತ್ತಿದ ಮೇಲೆ ಸ್ಟ್ಯಾಂಡ್ ಹಾಕಿ, ಗಾಡಿ ಹಿಡಿದೇ ನಿಂತಿರಿ. ಫೆರಿ ಸ್ವಲ್ಪ ಹೊರಳುತ್ತದೆ.

ನಾನು ನಡೆದು ಹತ್ತಿದಾಗ ಯಾವತ್ತೂ ದುಡ್ಡು ಕೇಳಿಲ್ಲ. ಕಾರಿಗೆ ಸಣ್ಣ ಶುಲ್ಕ. ಜೇಬಲ್ಲಿ ಚಿಲ್ಲರೆ ಇರಲಿ, ಗಾಡಿ ಇದ್ದರೆ ಅಲ್ಲೇ ಕೇಳಿ ಕೊಡಿ. ನದಿ ದಾಟಲು ಐದು ನಿಮಿಷದ ಆಸುಪಾಸು. ಆ ಐದು ನಿಮಿಷದಲ್ಲೇ ಅಕ್ಕಪಕ್ಕ ಕಿವಿ ಕೊಟ್ಟರೆ ಗದಗ, ಬಾಗಲಕೋಟೆ, ವಿಜಯಪುರದ ಕನ್ನಡ ಕೇಳಿಸಿದರೂ ಕೇಳಿಸಿತು. ಕಟ್ಟಡ ಕೆಲಸಕ್ಕೆ, ಗದ್ದೆ ಕೆಲಸಕ್ಕೆ ಬಂದ ನಮ್ಮ ಜನ. ದಾರಿ ಗೊತ್ತಾಗದಿದ್ದರೆ ಅವರನ್ನೇ ಕೇಳಿ.

ಚೋಡಣ: ರಾಡಿಯ ಹತ್ತಿರ ಬಗ್ಗಿ ನೋಡಿ

ಬೆಳಗಿನ ಹೊತ್ತು ಚೋಡಣಕ್ಕೆ. ರಾಯಬಂದರದಿಂದ ಫೆರಿ. ದಾಟಿ ಇಳಿದ ಕೂಡಲೇ ಹತ್ತಿರದಲ್ಲೇ ಡಾ. ಸಲೀಂ ಅಲಿ ಪಕ್ಷಿಧಾಮದ ಬಾಗಿಲು. ದ್ವೀಪದ ಪಶ್ಚಿಮ ತುದಿಯಲ್ಲಿ 178 ಹೆಕ್ಟೇರ್ ಕಾಂಡ್ಲಾ ಕಾಡು, 1988ರಲ್ಲಿ ಪಕ್ಷಿಧಾಮ ಆದದ್ದು. ಬಾಗಿಲಲ್ಲಿ ಟಿಕೆಟ್ ತಗೊಂಡು ಒಳಗೆ ನಡೆಯಬಹುದು. ಗಿಡಗಳ ನಡುವೆ ಕಾಲುದಾರಿ, ಮುಂದೆ ನೋಡಲು ಒಂದು ಗೋಪುರ.

ಹೆಚ್ಚಿನವರು ಇಲ್ಲಿ ಒಂದು ತಪ್ಪು ಮಾಡುತ್ತಾರೆ. ಗೇಟು ದಾಟಿದ ಕೂಡಲೇ ತಲೆ ಎತ್ತಿ ಹಕ್ಕಿ ಹುಡುಕುತ್ತಾರೆ, ಹತ್ತು ನಿಮಿಷದಲ್ಲಿ "ಏನೂ ಇಲ್ಲ" ಅಂತ ವಾಪಸ್ ಬರುತ್ತಾರೆ. ಮೊದಲು ಕೆಳಗೆ ನೋಡಿ. ಒಂದು ಕಡೆ ನಿಂತು, ಮಾತು ನಿಲ್ಲಿಸಿ, ಐದು ನಿಮಿಷ ಸುಮ್ನೆ ರಾಡಿ ನೋಡಿ.

ಮೊದಲು ಏನೂ ಕಾಣೋದಿಲ್ಲ. ಪೆನ್ಸಿಲ್ ನೆಟ್ಟ ಹಾಗೆ ಸಾವಿರಾರು ಬೇರು ನೆಲದಿಂದ ಮೇಲಕ್ಕೆ ಎದ್ದಿರುತ್ತವೆ. ರಾಡಿಯೊಳಗೆ ಗಾಳಿ ಇಲ್ಲ, ಅದಕ್ಕೆ ಕಾಂಡ್ಲಾ ಗಿಡ ಬೇರನ್ನೇ ಮೇಲಕ್ಕೆ ಕಳಿಸಿ ಉಸಿರಾಡುತ್ತದೆ. ಆಮೇಲೆ ಆ ಬೇರುಗಳ ನಡುವೆ ಏನೋ ಟಪ್ ಅನ್ನುತ್ತದೆ. ಬೆರಳುದ್ದದ ಒಂದು ಮೀನು. ನೀರಲ್ಲಿ ಅಲ್ಲ, ಒದ್ದೆ ಮಣ್ಣಿನ ಮೇಲೆ! ಮಡ್‌ಸ್ಕಿಪ್ಪರ್ ಅಂತಾರೆ. ಕಣ್ಣು ತಲೆಯ ಮೇಲೆ ಕಪ್ಪೆ ಕಣ್ಣಿನ ಹಾಗೆ ಉಬ್ಬಿಕೊಂಡಿರುತ್ತವೆ. ಮುಂದಿನ ಎರಡು ರೆಕ್ಕೆ ಊರಿ ಮೊಣಕೈಯಲ್ಲಿ ತೆವಳುವ ಕೂಸಿನ ಹಾಗೆ ಮುಂದೆ ಬರುತ್ತದೆ, ನಿಮ್ಮ ನೆರಳು ಬಿತ್ತೋ ಬಾಲ ಬಡಿದು ಜಿಗಿಯುತ್ತದೆ. ಮೈ ಒದ್ದೆ ಇರುವ ತನಕ ಚರ್ಮದಿಂದಲೇ ಉಸಿರಾಡುತ್ತದೆ, ಕಿವಿರಿನ ಗೂಡಲ್ಲಿ ಒಂದಿಷ್ಟು ನೀರನ್ನೂ ತುಂಬಿಕೊಂಡಿರುತ್ತದೆ. ಅದರ ಪಕ್ಕದಲ್ಲಿ ಗುಂಡಿಸೂಜಿಯಿಂದ ಚುಚ್ಚಿದಂಥ ತೂತುಗಳಿಂದ ಏಡಿ ಹೊರಗೆ ಬರುತ್ತವೆ. ಗಂಡಿಗೆ ಒಂದು ಕೊಂಬು (ಇಕ್ಕಳದಂಥ ಮುಂಗಾಲು) ಮಾತ್ರ ಮೈಯಷ್ಟೇ ದೊಡ್ಡದು. ಅದನ್ನು ಮೇಲೆ ಕೆಳಗೆ ಆಡಿಸುತ್ತಾ ಹೆಣ್ಣನ್ನು ಕರೆಯುತ್ತದೆ. ಒಂದು ಶುರು ಮಾಡಿದರೆ ಪಕ್ಕದವೂ ಶುರು ಮಾಡುತ್ತವೆ. ಬಸ್ ಸ್ಟ್ಯಾಂಡಿನಲ್ಲಿ ಆಟೋದವರು ಕೈ ಬೀಸಿದ ಹಾಗೆ.

ಇದನ್ನು ನೋಡುತ್ತಾ ನಿಂತರೆ ಹಕ್ಕಿಗಳು ತಾವಾಗೇ ಬರುತ್ತವೆ. ಬೆಳ್ಳಕ್ಕಿ, ಬೂದು ಬಕ, ಮಿಂಚುಳ್ಳಿ, ರೆಕ್ಕೆ ಒಣಗಿಸುತ್ತಾ ಕೂತ ನೀರುಕಾಗೆ, ಮೇಲೆ ಸುತ್ತುವ ಬಿಳಿ ತಲೆಯ ಗರುಡ. ಚಳಿಗಾಲದಲ್ಲಿ ರಾಡಿಯ ಅಂಚಿಗೆ ಓಡಾಡುವ ಸಪೂರ ಕಾಲಿನ ಉಲ್ಲಂಕಿಗಳು. ಬೈನಾಕ್ಯುಲರ್ ಇದ್ದರೆ ತನ್ನಿ. ಬಟ್ಟೆ ಕಣ್ಣಿಗೆ ಹೊಡೆಯುವ ಬಣ್ಣದ್ದು ಬೇಡ. ಸೊಳ್ಳೆ ಇವೆ, ಕೈ ಕಾಲು ಮುಚ್ಚುವ ಬಟ್ಟೆ ಹಾಕಿ. ಬಿಸ್ಕತ್ತಿನ ಕಾಗದ ಒಳಗೆ ಬಿಡಬೇಡಿ ಅಂತ ನಾನು ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ಪ್ರತಿ ಸಲ ಅಲ್ಲಿ ಒಂದು ಕುರ್ಕುರೆ ಪೊಟ್ಟಣ ಇರುತ್ತದೆ.

ನೀರು ಏರಲು ಶುರುವಾದ ಮೇಲೆ ದೋಣಿ. ಮೋಟಾರಿನದಕ್ಕಿಂತ ಹುಟ್ಟು ಹಾಕುವ ಸಣ್ಣ ದೋಣಿ ಸಿಕ್ಕರೆ ಅದನ್ನೇ ತಗೊಳ್ಳಿ. ಮೋಟಾರಿನ ಸದ್ದಿಗೆ ಹಕ್ಕಿ ಹಾರಿಹೋಗುತ್ತವೆ. ಎಷ್ಟು ಹೊತ್ತು, ಎಷ್ಟು ಜನ, ಎಷ್ಟು ದುಡ್ಡು ಮೂರನ್ನೂ ಹತ್ತುವ ಮೊದಲೇ ಮಾತಾಡಿ. ಲೈಫ್ ಜಾಕೆಟ್ ಇಲ್ಲ ಅಂದರೆ ಹತ್ತಲೇಬೇಡಿ.

ಇನ್ನೊಂದು ಮುಖ್ಯ ಮಾತು. ಈ ನೀರಿಗೆ ಈಜಲು ಇಳಿಯಬೇಡಿ. ರಾಡಿ ಕಾಲು ಹಿಡಿಯುತ್ತದೆ, ಇಳಿತದ ಸೆಳೆತ ಜೋರು. ಮೇಲಾಗಿ ಮೊಸಳೆ. ದಿವಾಡಿಯ ಆಚೆ ಮಾಂಡವಿಯನ್ನೂ ಝುವಾರಿಯನ್ನೂ ಸೇರಿಸುವ ಸುಮಾರು 15 ಕಿ.ಮೀ. ಉದ್ದದ ಕುಂಭಾರ್ಜುವೆ ಕಾಲುವೆ ಮೊಸಳೆಗೇ ಹೆಸರಾದದ್ದು. ಅವನ್ನು ತೋರಿಸಲೆಂದೇ ದೋಣಿಗಳಿವೆ, ಬೇಕಾದರೆ ಇನ್ನೊಂದು ದಿನ ಅದಕ್ಕೇ ಇಡಿ. ಫೋಂಡಾ ತಾಲೂಕಿನ ದುರ್ಭಾಟ್ ಕಡೆ ನದಿ ಪಕ್ಕದ ರೈತರು ರಾಡಿಯಲ್ಲೇ ಮೊಸಳೆ ಮಾಡಿ ಪೂಜೆ ಮಾಡುತ್ತಾರೆ. ನಮ್ಮಲ್ಲಿ ಮಣ್ಣೆತ್ತು, ಅವರಲ್ಲಿ ಮಣ್ಣಿನ ಮೊಸಳೆ.

ದಿವಾಡಿಗೆ ದಾಟೋದು

ಚೋಡಣದಿಂದ ರಾಯಬಂದರಿಗೆ ವಾಪಸ್ ಬನ್ನಿ. ಹಳೇ ಗೋವಾ ಕಡೆ ಹೊರಟರೆ ದಾರಿಯಲ್ಲೇ ಸಾಂವ್ ಪೆದ್ರು ಅನ್ನುವ ಕಡೆ ದಿವಾಡಿಗೆ ಒಂದು ಫೆರಿ ಇದೆ. ನಾನು ಮಾತ್ರ ಹಳೇ ಗೋವಾಕ್ಕೇ ಹೋಗಿ ದಾಟುತ್ತೇನೆ. ಯಾಕೆ ಅಂದರೆ ಊಟ ಅಲ್ಲಿ ಸಿಗುತ್ತದೆ, ಬಾಂ ಜೀಜಸ್ ಚರ್ಚೂ ನೋಡಿದ ಹಾಗಾಗುತ್ತದೆ. ಅಲ್ಲಿಂದ ನದಿ ಕಡೆ ಇಳಿದರೆ ವೈಸರಾಯ್ ಕಮಾನು, ಅದರ ಕೆಳಗೆ ದಾಟಿ ಮುಂದೆ ಹೋದರೆ ಫೆರಿ. ಆ ಕಾಲಕ್ಕೆ ಹೊಸದಾಗಿ ಬಂದ ಪೋರ್ಚುಗೀಸ್ ವೈಸರಾಯ್ ಹಡಗಿನಿಂದ ಇಳಿದು ಈ ಕಮಾನಿನ ಮೂಲಕವೇ ಊರೊಳಗೆ ಬರುತ್ತಿದ್ದ. ಈಗ ಅದರ ಕೆಳಗೆ ಮೀನಿನ ಬುಟ್ಟಿ ಇಟ್ಟುಕೊಂಡ ಸ್ಕೂಟರುಗಳು ಹೋಗುತ್ತವೆ.

ಮಧ್ಯಾಹ್ನ 1ರಿಂದ 4ರ ತನಕ ಗೋವಾದ ಹಳ್ಳಿಗಳಲ್ಲಿ ಅಂಗಡಿ ಮುಚ್ಚುವುದು ರೂಢಿ. ದಿವಾಡಿಯಲ್ಲೂ ಅಷ್ಟೇ. ಊಟ ಮುಗಿಸಿಕೊಂಡು, ನೀರಿನ ಬಾಟಲಿ ತುಂಬಿಸಿಕೊಂಡು, ಬಿಸಿಲು ತಗ್ಗಿದ ಮೇಲೆ 3ರ ಸುಮಾರಿಗೆ ದಾಟಿದರೆ ಸರಿಹೋಗುತ್ತದೆ.

ಇಳಿದ ಕೂಡಲೇ ಉದ್ದಕ್ಕೆ ನೇರ ರಸ್ತೆ, ಎರಡೂ ಕಡೆ ತಗ್ಗಾದ ಗದ್ದೆ. ಇವನ್ನು ಇಲ್ಲಿ ಖಾಜನ್ ಅಂತಾರೆ. ಕುಮಟಾದ ಅಘನಾಶಿನಿ ದಂಡೆಯವರು ನೋಡಿದರೆ "ಅಯ್ಯೋ, ಇದು ನಮ್ಮ ಗಜನಿ ಗದ್ದೆ" ಅನ್ನುತ್ತಾರೆ. ಹೆಸರೂ ಹತ್ತಿರ, ಕೆಲಸವೂ ಒಂದೇ. ಉಪ್ಪುನೀರು ನುಗ್ಗುವ ತಗ್ಗಿಗೆ ಮಣ್ಣಿನ ಒಡ್ಡು ಹಾಕಿ, ನಡುವೆ ಮರದ ತೂಬಿನ ಬಾಗಿಲು ಇಟ್ಟಿರುತ್ತಾರೆ. ನದಿ ಇಳಿದಾಗ ಗದ್ದೆಯ ನೀರೇ ಬಾಗಿಲು ತಳ್ಳಿ ಹೊರಗೆ ಹೋಗುತ್ತದೆ. ನದಿ ಏರಿದಾಗ ಹೊರಗಿನ ನೀರಿನ ಒತ್ತಡಕ್ಕೆ ಅದೇ ಬಾಗಿಲು ಮುಚ್ಚಿಕೊಳ್ಳುತ್ತದೆ. ಕರೆಂಟಿಲ್ಲ, ಮೋಟಾರಿಲ್ಲ. ಉಪ್ಪು ತಡೆಯುವ ಭತ್ತ ಬೇರೆ: ನಮ್ಮ ಕಡೆ ಕಗ್ಗ, ಇಲ್ಲಿ ಕೊರ್ಗುಟ್. ದಾರಿಯಲ್ಲಿ ತೂಬು ಕಂಡರೆ ನಿಲ್ಲಿಸಿ ನೋಡಿ. ಮಕ್ಕಳು ಇದ್ದರೆ ಬಾಗಿಲು ಯಾವ ಕಡೆ ತೆರೆಯುತ್ತದೆ ಅಂತ ಕೇಳಿ, ಹತ್ತು ನಿಮಿಷ ಅಲ್ಲೇ ವಾದ ನಡೆಯುತ್ತದೆ. ಒಡ್ಡಿನ ಮೇಲೆ ಗಾಡಿ ಮಾತ್ರ ಓಡಿಸಬೇಡಿ, ಅದು ರೈತರ ಕಷ್ಟ.

ಮುಂದೆ ರಸ್ತೆ ಗುಡ್ಡ ಏರುತ್ತದೆ, ಪಿಯೆದಾದ್ ಊರು ಬರುತ್ತದೆ. ಹಳೇ ಮನೆಗಳ ಮುಂದೆ ಮೆಟ್ಟಿಲ ಪಕ್ಕ ಕೂರಲು ಕಟ್ಟೆ ಇರುವ ಜಗಲಿ, ಇಲ್ಲಿಯವರು ಬಲ್ಕಾಂವ್ ಅಂತಾರೆ. ಸಂಜೆ ಅಜ್ಜಿಯರು ಅಲ್ಲಿ ಕೂತಿರುತ್ತಾರೆ. ಕೈ ಮುಗಿದರೆ ಮಾತಾಡುತ್ತಾರೆ. ಕೇಳದೆ ಮನೆಯ ಮುಂದೆ ನಿಂತು ಫೋಟೋ ತೆಗೆದರೆ ಬೈಯುತ್ತಾರೆ, ಬೈಯಬೇಕಾದ್ದೇ. ನಿಮ್ಮ ಮನೆ ಕಟ್ಟೆ ಮೇಲೆ ಯಾರೋ ಹತ್ತಿ ರೀಲ್ಸ್ ಮಾಡಿದರೆ ಸುಮ್ಮನಿರುತ್ತೀರಾ?

ಗುಡ್ಡದ ತುದಿಯಲ್ಲಿ ಬಿಳಿ ಚರ್ಚು. ಅದರ ಅಂಗಳದಿಂದ ನದಿ, ಹಳೇ ಗೋವಾದ ಗೋಪುರಗಳು, ಗದ್ದೆ ಎಲ್ಲ ಒಟ್ಟಿಗೆ ಕಾಣುತ್ತವೆ. ಪಕ್ಕದ ಸ್ಮಶಾನದಲ್ಲಿ ಒಂದು ಸಣ್ಣ ಪ್ರಾರ್ಥನಾ ಮಂದಿರ ಇದೆ. ಅದು ಕದಂಬರ ಕಾಲದ ದೇವಸ್ಥಾನದ ಉಳಿದ ಭಾಗ ಅಂತ ಹೇಳುತ್ತಾರೆ. ತಲೆ ಎತ್ತಿ ಚಾವಣಿಯ ಕೆತ್ತನೆ ನೋಡಿ. ಅಲ್ಲಿ ಜೋರಾಗಿ ಮಾತಾಡಬೇಡಿ, ಯಾರೋ ತಮ್ಮವರ ಸಮಾಧಿಗೆ ಮೇಣದಬತ್ತಿ ಹಚ್ಚಲು ಬಂದಿರುತ್ತಾರೆ.

ನಮ್ಮ ಕಿತ್ತೂರಿಗೂ ಈ ದ್ವೀಪಕ್ಕೂ ಇರುವ ನಂಟು

ಕನ್ನಡದವರನ್ನು ಕರೆದುಕೊಂಡು ಹೋದಾಗ ನಾನು ಇಲ್ಲೇ ಜಾಸ್ತಿ ಹೊತ್ತು ನಿಲ್ಲಿಸೋದು.

ದಿವಾಡಿಯ ಇನ್ನೊಂದು ತುದಿ ನಾರ್ವೆ. ಗೋವೆಯ ಕದಂಬರ ಮನೆದೇವರು ಸಪ್ತಕೋಟೀಶ್ವರ ಇದ್ದದ್ದು ಇಲ್ಲಿ. 12ನೇ ಶತಮಾನದ ರಾಜ ಶಿವಚಿತ್ತ ಪೆರ್ಮಾಡಿಯ ಚಿನ್ನದ ನಾಣ್ಯಗಳ ಮೇಲೆ ತಾನು ಸಪ್ತಕೋಟೀಶ್ವರನಿಂದ ವರ ಪಡೆದವನು ಅಂತ ಬರೆಸಿದ್ದಾನೆ. ಅವನ ರಾಣಿ ಕಮಲಾದೇವಿ. ಕಿತ್ತೂರಿನ ಹತ್ತಿರ ದೇಗಾಂವಿಯಲ್ಲಿ ಕಮಲನಾರಾಯಣ ಗುಡಿ ನೋಡಿದ್ದೀರಲ್ವಾ? ಅದನ್ನು ಕಟ್ಟಿಸಿದವಳು ಇವಳೇ. ಅಂದರೆ ಬೆಳಗಾವಿ ಜಿಲ್ಲೆಯ ಆ ಗುಡಿಯೂ ಈ ನದಿ ನಡುವಿನ ಈ ಊರೂ ಒಂದೇ ಮನೆತನದವು. ಪಣಜಿಯಲ್ಲಿ ಹತ್ತಿದ ಬಸ್ಸಿನ ಮೇಲೆ ಕದಂಬ ಅಂತ ಬರೆದಿತ್ತಲ್ಲ, ಆ ಸಿಂಹದ ಗುರುತು ಇತ್ತಲ್ಲ, ಅದೂ ಅವರದ್ದೇ.

ದಿವಾಡಿಯ ನಾರ್ವೆಯಲ್ಲಿ ಈಗ ದೇವಸ್ಥಾನ ಇಲ್ಲ, ಕೋಟಿತೀರ್ಥ ಅನ್ನುವ ಕೆರೆ ಇದೆ. ಬಹಮನಿಗಳ ಕಾಲದಲ್ಲಿ ಒಮ್ಮೆ ಹಾಳಾದ ಗುಡಿಯನ್ನು ವಿಜಯನಗರದ ಮಾಧವ ಮಂತ್ರಿ ಮತ್ತೆ ಕಟ್ಟಿಸಿದ. 16ನೇ ಶತಮಾನದಲ್ಲಿ ಪೋರ್ಚುಗೀಸರು ಮತ್ತೆ ಕೆಡವಿದರು. ಆಗ ಲಿಂಗವನ್ನು ಊರವರು ನದಿ ದಾಟಿಸಿ ಆಚೆ ದಡಕ್ಕೆ, ಡಿಚೋಲಿ (ಬಿಚೋಲಿಂ) ಕಡೆಗೆ ಒಯ್ದರು. ಆಚೆ ದಡದ ಊರಿಗೂ ನಾರ್ವೆ ಅಂತಲೇ ಹೆಸರು. ಅಲ್ಲಿನ ಗುಡಿಯನ್ನು 1668ರಲ್ಲಿ ಶಿವಾಜಿ ಮಹಾರಾಜರು ಕಟ್ಟಿಸಿದರು.

ಹೊತ್ತು ಉಳಿದಿದ್ದರೆ ನಾರ್ವೆ ಫೆರಿ ಹತ್ತಿ ಆಚೆ ಹೋಗಿ ಆ ಗುಡಿ ನೋಡಿ ಬನ್ನಿ. ಗಾಡಿ ಇದ್ದರೆ ಫೆರಿಯಿಂದ ಸ್ವಲ್ಪವೇ ದೂರ. ದೊಡ್ಡ ಗೋಪುರ ಇಲ್ಲ, ಗದ್ದಲ ಇಲ್ಲ. ಅಂಗಳದಲ್ಲಿ ದೀಪಸ್ತಂಭ, ಸುತ್ತ ಗುಡ್ಡ. ಚಿಕ್ಕಪ್ಪ ಆ ಏಕಾದಶಿಯ ದಿನ, ನಾನು ಹಳೇ ಗೋವಾದಲ್ಲಿ ಕೊಡಿಸಿದ ಹೊಸ ರಬ್ಬರ್ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದವರು ಅರ್ಧ ತಾಸು ಹೊರಗೆ ಬರಲಿಲ್ಲ. ಆಮೇಲೆ ಬಂದು, "ಲಿಂಗಾನೂ ಫೆರಿ ಹತ್ತೇ ಬಂದೈತಲ್ಲವಾ" ಅಂದರು.

ಊಟ, ತಿಂಡಿ, ಚೀಲದಲ್ಲಿ ಏನಿರಬೇಕು

ದ್ವೀಪದಲ್ಲಿ ದೊಡ್ಡ ಹೋಟೆಲು ಹುಡುಕಬೇಡಿ. ಸಣ್ಣ ಅಂಗಡಿಗಳಲ್ಲಿ ಭಾಜಿ-ಪಾವ್, ಚಹಾ, ಮೆಣಸಿನಕಾಯಿ ಭಜಿ ಸಿಗುತ್ತದೆ. ಮೀನು ತಿನ್ನುವವರಿಗೆ ಹಳ್ಳಿ ಬಾರುಗಳಲ್ಲೇ ಅನ್ನ, ಹುಮಣ್ (ಮೀನಿನ ಸಾರು), ಹುರಿದ ಮೀನಿನ ಒಳ್ಳೇ ಊಟ. ಬಾರ್ ಅಂದ ಕೂಡಲೇ ಗಾಬರಿ ಬೇಡ, ಇಲ್ಲಿ ಹೆಂಗಸರು ಮಕ್ಕಳು ಕೂತು ಊಟ ಮಾಡುತ್ತಾರೆ. ಸಂಜೆ ಸೈಕಲ್ಲಿನ ಮೇಲೆ ಪೊಂಯ್ ಪೊಂಯ್ ಅಂತ ಹಾರ್ನ್ ಒತ್ತುತ್ತಾ ಬರುವವನು ಪೊದೇರ್, ಅಂದರೆ ಬ್ರೆಡ್ ಮಾರುವವನು. ಅವನ ಹತ್ತಿರ ಪೊಯ್ ಕೇಳಿ. ತವುಡು ಹಚ್ಚಿದ, ಒಳಗೆ ಪೊಳ್ಳಾದ ರೊಟ್ಟಿ. ನಮ್ಮ ಶೇಂಗಾ ಚಟ್ನಿ ಪುಡಿ ಜೊತೆಗೆ ಅದು ಎಷ್ಟು ಚೆನ್ನಾಗಿರುತ್ತದೆ ಅಂತ ಚಿಕ್ಕಮ್ಮನನ್ನು ಕೇಳಬೇಕು. ಕುಡಿಯುವವರು ಬಾರಲ್ಲೇ ಕೂತು ಕುಡಿಯಿರಿ. ಬಯಲಲ್ಲಿ ಬಾಟಲಿ ತೆಗೆದರೆ ದಂಡ ಇದೆ.

ಚೀಲದಲ್ಲಿ ನೀರು, ಟೋಪಿ, ಸೊಳ್ಳೆ ಮುಲಾಮು, ಒಂದು ಜೊತೆ ಹಳೇ ಬಟ್ಟೆ, ಒದ್ದೆ ಆದರೂ ಪರವಾಗಿಲ್ಲ ಅನ್ನುವಂಥ, ಹಿಂದೆ ಪಟ್ಟಿ ಇರುವ ಚಪ್ಪಲಿ. ಪಟ್ಟಿ ಯಾಕೆ ಅಂತ ನಿಮಗೆ ಈಗ ಗೊತ್ತು.

ವಯಸ್ಸಾದವರು ಜೊತೆಗಿದ್ದರೆ ಎರಡೂ ದ್ವೀಪ ಒಂದೇ ದಿನ ಬೇಡ. ಕಾರಿನಲ್ಲಿ ದಿವಾಡಿ ಮಾತ್ರ ಮಾಡಿ. ಸಣ್ಣ ಮಕ್ಕಳಿದ್ದರೆ ಚೋಡಣದ ಏಡಿಗಳೇ ಸಾಕು, ಮಧ್ಯಾಹ್ನಕ್ಕೆ ವಾಪಸ್.

ಬೊಂಡೇರಾ ಹಬ್ಬಕ್ಕೆ ಬರೋದಾದರೆ

ಆಗಸ್ಟಿನ ನಾಲ್ಕನೇ ಶನಿವಾರ ಪಿಯೆದಾದ್‌ನಲ್ಲಿ ಬೊಂಡೇರಾ. ಪೋರ್ಚುಗೀಸ್ ಭಾಷೆಯ ಬಾವುಟ ಅನ್ನುವ ಮಾತಿನಿಂದ ಬಂದ ಹೆಸರು. ಹಿಂದೆ ವಾಡೆಗಳ, ಅಂದರೆ ಊರಿನ ಕೇರಿಗಳ ನಡುವೆ ಗಡಿ ಜಗಳ ನಡೆಯುತ್ತಿತ್ತಂತೆ. ಗಡಿಗೆ ಸರಕಾರ ಬಾವುಟ ನೆಡೋದು, ಜನ ಕಲ್ಲು ಹೊಡೆದು ಬೀಳಿಸೋದು. ಈಗ ಜಗಳ ಹೋಗಿ ಮೆರವಣಿಗೆ ಉಳಿದಿದೆ. ವಾಡೆಗೊಂದು ಬಾವುಟ, ಬ್ಯಾಂಡು, ವೇಷ, ಬಿದಿರಿನ ಕೊಳವೆಯಲ್ಲಿ ಕಾಯಿ ತುಂಬಿ ಹೊಡೆಯುವ ಆಟಿಕೆ ಬಂದೂಕು. ಕಾಯಿ ತಾಗಿದರೆ ಚುರ್ ಅನ್ನುತ್ತದೆ, ಕನ್ನಡಕ ಇದ್ದರೆ ಹಾಕಿಕೊಳ್ಳಿ. ಅವತ್ತು ಫೆರಿಗೆ ಸಾಲೋ ಸಾಲು. ಗಾಡಿಯನ್ನು ಹಳೇ ಗೋವಾದಲ್ಲೇ ಬಿಟ್ಟು ನಡೆದು ಹತ್ತಿ, ಮಧ್ಯಾಹ್ನದ ಒಳಗೆ ದಾಟಿಬಿಡಿ. ಛತ್ರಿ ಬೇಕೇ ಬೇಕು.

ವಾಪಸ್ ಹೊರಡೋದು

ಸಂಜೆ ಬಿಸಿಲು ಇಳಿಯುವಾಗ ಖಾಜನ್ ರಸ್ತೆಯಲ್ಲಿ ಸೈಕಲ್ ನಿಲ್ಲಿಸಿ ಕೂರಲು 6ರಿಂದ 6.30 ಒಳ್ಳೇ ಹೊತ್ತು. ಕೊಕ್ಕರೆಗಳು ಸಾಲಾಗಿ ಚೋಡಣದ ಕಡೆ ಹೋಗುತ್ತವೆ. ಅದಾದ ಮೇಲೆ ಸೊಳ್ಳೆ ನಿಮ್ಮನ್ನು ಕೂರಲು ಬಿಡುವುದಿಲ್ಲ.

ಬೆಳಗ್ಗೆ ದಾಟುವಾಗಲೇ ಕೊನೆಯ ಫೆರಿ ಎಷ್ಟು ಹೊತ್ತಿಗೆ ಅಂತ ಫೆರಿಯವರನ್ನು ಕೇಳಿಡಿ. ಅದಕ್ಕಿಂತ ಮುಖ್ಯ, ಹಳೇ ಗೋವಾದಿಂದ ನಿಮ್ಮ ಕೊನೆಯ ಬಸ್ಸು ಯಾವುದು ಅಂತ. ಫೆರಿ ಸಿಕ್ಕು ಬಸ್ಸು ತಪ್ಪಿದವರನ್ನು ನಾನು ನೋಡಿದ್ದೇನೆ. ಹುಬ್ಬಳ್ಳಿ ಕಡೆಗೆ ರಾತ್ರಿ ಬಸ್ಸಿಗೆ ಸೀಟು ಮಾಡಿಸಿದ್ದರೆ ಹತ್ತುವ ಜಾಗ ಪಣಜಿಯೋ ಹಳೇ ಗೋವಾವೋ ಅಂತ ಟಿಕೆಟಿನಲ್ಲಿ ನೋಡಿಕೊಳ್ಳಿ. ಕಾಲು ತೊಳೆಯಲು ಫೆರಿ ಕಟ್ಟೆಯ ಮೆಟ್ಟಿಲು ಇಳಿಯಬೇಡಿ, ಜಾರುತ್ತದೆ. ಬಾಟಲಿಯಲ್ಲಿ ಒಂದಿಷ್ಟು ನೀರು ಅದಕ್ಕೇ ಅಂತ ಉಳಿಸಿಕೊಂಡಿರಿ.